ಅಟ್ಟದ ಅಡಿಕೆ ಮತ್ತು ಟೊಯೊಟಾ

ಈಗಷ್ಟೇ ನಮ್ಮ ಕಾಲೇಜಿನ ಸೆಮಿನಾರ್ ಮುಗಿಸಿ ಬಂದೆ, ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ವಿಷಯ: ಆಪರೇಷನ್ಸ್ ಮ್ಯಾನೇಜ್‌ಮೆಂಟಿನಲ್ಲಿ ಜಾಗತಿಕ ದೃಷ್ಟಿ. ಸರಕು ತಯಾರಿ, ದಾಸ್ತಾನು, ಸಾಗಣೆ ಎಲ್ಲ ನೋಡಿಕೊಳ್ಳುವ ಪಾಠ ಅದು. ಬಂದ ಸಂಪನ್ಮೂಲ ವ್ಯಕ್ತಿಯ ಬಾಯಲ್ಲಿ ಶುರುವಿನಿಂದ ಕೊನೆವರೆಗೂ ಟೊಯೊಟಾ, ಟೊಯೊಟಾ, ಟೊಯೊಟಾ. ದಾಸ್ತಾನು ಇಡುವುದೇ ದಂಡವಂತೆ, ಬೇಕಾದಾಗ ಬೇಕಾದಷ್ಟೇ ತರಿಸಬೇಕಂತೆ. ಎದುರಿಗೆ ಕೂತ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮಕ್ಕಳ ಮನೆಯ ಅಟ್ಟದಲ್ಲಿ ಡಬಲ್ ಚೋಲ್ ಅಡಿಕೆ, ಅಂದರೆ ವರ್ಷಗಟ್ಟಲೆ ಇಟ್ಟು ಹಳತಾದ ಅಡಿಕೆ, ಉಂಟು ಮಾರಾಯ್ರೆ! ಅಪ್ಪ ಅದನ್ನು ಮಾರದೆ ಯಾಕೆ ಇಟ್ಟಿದ್ದಾರೆ ಅಂತ ಒಬ್ಬರಾದರೂ ಕೇಳಬೇಕಲ್ಲ?

ಕೊಯ್ಲು ಕೆಲವೇ ತಿಂಗಳು, ಬೇಡಿಕೆ ವರ್ಷವಿಡೀ. ಹಳತಾದರೆ ರೇಟೂ ಹೆಚ್ಚು. ಅಷ್ಟರಲ್ಲಿ ಶ್ರೀಲಂಕಾ, ಮ್ಯಾನ್ಮಾರ್, ಇಂಡೋನೇಷ್ಯಾದ ಅಡಿಕೆ ಅಗ್ಗದಲ್ಲಿ ಬಂದಿಳಿದರೆ ಕಾದದ್ದೆಲ್ಲ ನೀರುಪಾಲು. 2023ರಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಸುಮ್ಮನೆಯಾ? ಇಷ್ಟೆಲ್ಲ ಲೆಕ್ಕ ಹಾಕಿ ಮಾರಲೋ ಬೇಡವೋ ಅಂತ ಕೂತ ಕೃಷಿಕನ ಹತ್ತಿರ ಕಲಿಯಲಿಕ್ಕೆ ಏನೂ ಇಲ್ಲವಂತೆ. ಅವನು ಸ್ಲೈಡಿನಲ್ಲಿ ಇಲ್ಲವಲ್ಲ!

"ಮಕ್ಕಳಿಗೆ ಕಂಪೆನಿಯಲ್ಲಿ ಕೆಲಸ ಸಿಗಬೇಕಲ್ಲ ಸರ್, ಇಂಟರ್‌ವ್ಯೂನಲ್ಲಿ ಅಡಿಕೆ ಕೇಳ್ತಾರಾ?" ಅಂದರು ನಮ್ಮ ಸಹೋದ್ಯೋಗಿ. ಸರಿ, ಟೊಯೊಟಾವನ್ನೇ ಕಲಿಸಿ. ಆದರೆ ಪೂರ್ತಿ ಕಲಿಸಿ. 2011ರ ಭೂಕಂಪದಲ್ಲಿ ಪೆಟ್ಟು ತಿಂದ ಮೇಲೆ ಅದೇ ಟೊಯೊಟಾ, ತಿಂಗಳುಗಟ್ಟಲೆಗೆ ಆಗುವಷ್ಟು ಚಿಪ್ ದಾಸ್ತಾನು ಇಡಿ ಅಂತ ಪೂರೈಕೆದಾರರಿಗೆ ಹೇಳಿತು. 2021ರ ಆರಂಭದಲ್ಲಿ ಉಳಿದ ಕಾರು ಕಂಪೆನಿಗಳು ಚಿಪ್ ಇಲ್ಲದೆ ಪರದಾಡುವಾಗ ಇದು ತಡೆದುಕೊಂಡಿತು. ಸೆಪ್ಟೆಂಬರಿಗೆ ಅದೂ ಉತ್ಪಾದನೆ ಕಡಿತ ಮಾಡಿತು, ಆ ಮಾತು ಬೇರೆ. ಅಂತೂ ಜಪಾನಿನವರೂ ಅಟ್ಟ ಕಟ್ಟಿದರು. ಇವರ ಸ್ಲೈಡಿನಲ್ಲಿ ಇದೊಂದೂ ಇಲ್ಲ. ಸ್ಲೈಡೇ ಡಬಲ್ ಚೋಲ್, ಹಳತಾದಷ್ಟೂ ರೇಟು ಹೆಚ್ಚು ಅಂತ ಇಟ್ಟುಕೊಂಡಿದ್ದಾರೋ ಏನೋ.

(ಅರ್ಧ ಸಿಟ್ಟು ಹೊಟ್ಟೆಕಿಚ್ಚಿನದ್ದು, ಒಪ್ಪುತ್ತೇನೆ. ಅವರಿಗೆ ವಿಮಾನದ ಖರ್ಚು, ಶಾಲು, ಹಾರ. ನನಗೆ ಧನ್ಯವಾದ ಸಮರ್ಪಣೆ.)

ಮತ್ತೆ ಸೂಯೆಜ್ ಕಾಲುವೆಯಲ್ಲಿ ಹಡಗು ಸಿಕ್ಕಿಕೊಂಡ ಚಿತ್ರ ಬಂತು. ದಾರಿ ಕಟ್ಟಾದರೆ ಏನಾಗುತ್ತದೆ ಅಂತ ಕಾಸರಗೋಡಿನವರಿಗೆ ಈಜಿಪ್ಟ್ ತೋರಿಸಬೇಕಾ? 2020ರಲ್ಲಿ ಕೋವಿಡ್ ಅಂತ ಕರ್ನಾಟಕ-ಕೇರಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದು, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಒದ್ದಾಡಿದ್ದು ಇದೇ ಮಕ್ಕಳು ಕಣ್ಣಾರೆ ಕಂಡದ್ದು. ಅದೇ ಸಭೆಯಲ್ಲಿದ್ದ ಒಬ್ಬಳ ಅಣ್ಣ ದುಬೈಯ ಜೆಬೆಲ್ ಅಲಿ ಬಂದರಿನ ಕಡೆ ಗೋದಾಮು ನೋಡಿಕೊಳ್ಳುತ್ತಾನೆ. ಅವನಿಗೊಂದು ವಿಡಿಯೊ ಕಾಲ್ ಮಾಡಿದ್ದರೆ ಸಾಕಿತ್ತು, ವಿಮಾನದ ಖರ್ಚೂ ಉಳಿಯುತ್ತಿತ್ತು.

ಮಕ್ಕಳನ್ನು ಪೇಟೆಯ ಅಡಿಕೆ ಗೋದಾಮಿಗೆ ಕರೆದುಕೊಂಡು ಹೋಗುತ್ತೇನೆ ಅಂತ ಪ್ರಿನ್ಸಿಪಾಲರನ್ನು ಕೇಳಿದೆ. ಯಾವ ಮಾಡ್ಯೂಲಿನಲ್ಲಿ ಬರುತ್ತದೆ ಅಂದರು. ಎಲ್ಲದರಲ್ಲೂ ಅಂದೆ. ಬರೆದು ಕೊಡಿ ಅಂದಿದ್ದಾರೆ.