ಹಳ್ಳ ಉಚಿತ, ಇಳಿಯುವಂತಿಲ್ಲ

ಹಳ್ಳಿಗಾಡಿನಲ್ಲಿ ಮಕ್ಕಳ ಜೊತೆ ಒಂದು ದಿನ, ಪೂರ್ತಿ ಉಚಿತ ಅಂತ ಪ್ರಕಟಣೆ ಬಂದರೆ ಕೇಳಬೇಕಾದ್ದು ಒಂದೇ ಪ್ರಶ್ನೆ. ನಿನ್ನೆವರೆಗೆ ಆ ಗುಡ್ಡಕ್ಕೆ ಟಿಕೆಟ್ ಇತ್ತಾ? ಇರಲಿಲ್ಲ. ಹಳ್ಳ ಸುಮ್ನೆ ಹರಿಯುತ್ತಿತ್ತು. ಮರಗಳು ಯಾರ ಅಪ್ಪಣೆಗೂ ಕಾಯದೆ ನೆರಳು ಕೊಡುತ್ತಿದ್ದವು. ಈಗ ಅದಕ್ಕೊಂದು ಯೋಜನೆ, ಯೋಜನೆಗೊಂದು ಲಾಂಛನ, ಲಾಂಛನದ ಪಕ್ಕ ಮಂತ್ರಿಗಳ ಫೋಟೊ. ಇದ್ದ ಹಳ್ಳವನ್ನೇ ರಿಬ್ಬನ್ ಕತ್ತರಿಸಿ ಉದ್ಘಾಟಿಸುತ್ತಾರೆ. ಭಾಷಣ ಮುಗಿಯುವಷ್ಟರಲ್ಲಿ ಉದ್ಘಾಟನೆಯಾದ ನೀರು ಮೂರೂರು ದಾಟಿರುತ್ತದೆ.

ಉಚಿತ ಅಂದಮೇಲೆ ನೋಂದಣಿ ಬೇಕೇ ಬೇಕು. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಬಂದ ಕೋಡನ್ನು ಗೇಟಿನಲ್ಲಿ ತೋರಿಸಬೇಕು. ಗೇಟಿನಲ್ಲಿ ನೆಟ್‌ವರ್ಕ್ ಇಲ್ಲ. ಇರಲಿ, ಅದಕ್ಕೇ ತಾನೇ ಹಳ್ಳಿಗಾಡು ಅನ್ನುವುದು. ಇನ್ನು ಹೋಗುವ ದಾರಿ. ಬಸ್ ಇದೆ, ವಾರಪೂರ್ತಿ ಇದೆ, ಭಾನುವಾರ ಒಂದು ಬಿಟ್ಟು. ಹಾಗಾಗಿ ಕಾರಿನಲ್ಲೇ ಹೋಗಬೇಕು. ಪ್ರವೇಶ ಉಚಿತ, ಕಾರು ನಿಲ್ಲಿಸಲು ಶುಲ್ಕ. ಮನುಷ್ಯರಿಗೆ ಸ್ವಾಗತ, ಅವರ ಚಕ್ರಗಳಿಗೆ ದಂಡ.

ಒಳಗೆ ಹೋದರೆ ಮೊದಲು ಸಿಗುವುದು ಬೋರ್ಡು. ಹುಲ್ಲಿನ ಮೇಲೆ ಓಡಬೇಡಿ. ಕಲ್ಲು ಎಸೆಯಬೇಡಿ. ಮರ ಹತ್ತಬೇಡಿ. ನೀರಿಗೆ ಇಳಿಯಬೇಡಿ. ಕಡೆಯಲ್ಲಿ ದಪ್ಪಕ್ಷರದಲ್ಲಿ, ‘ಪ್ರಕೃತಿಯನ್ನು ಮನಸಾರೆ ಸವಿಯಿರಿ’. ಆರು ವರ್ಷದ ಮಗು ಏನೇನು ಮಾಡಬಹುದೋ ಅದನ್ನೆಲ್ಲ ಯಾರೋ ಬಹಳ ಶ್ರದ್ಧೆಯಿಂದ ಪಟ್ಟಿ ಮಾಡಿ, ಒಂದೊಂದರ ಕೊನೆಗೂ ‘ಬೇಡಿ’ ಅಂಟಿಸಿದ್ದಾರೆ. ಬರೆದವರಿಗೆ ಮಕ್ಕಳು ಚೆನ್ನಾಗಿಯೇ ಗೊತ್ತು.

ಪಕ್ಕದಲ್ಲೇ ‘ನಿಸರ್ಗ ಆಟದ ಅಂಗಳ’. ಮರದ ದಿಮ್ಮಿಗಳನ್ನು ಕಾಂಕ್ರೀಟಿನಲ್ಲಿ ಹೂತು, ಮೂಲೆಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ್ದಾರೆ. ಬಿರುಗಾಳಿಗೆ ತಾನಾಗಿಯೇ ಬಿದ್ದ ನಿಜವಾದ ಮರವೊಂದು ಆಚೆ ಇದೆ, ಅದರ ಸುತ್ತ ಬೇಲಿ. ಮಕ್ಕಳ ಕೈಗೆ ಚಟುವಟಿಕೆ ಹಾಳೆ ಕೊಡುತ್ತಾರೆ: ಒಂದು ಎಲೆಯನ್ನು ಹುಡುಕಿ, ಮುಟ್ಟದೆ ನೋಡಿ, ಟಿಕ್ ಹಾಕಿ. ಮಕ್ಕಳು ಒಂದೇ ಉಸಿರಿಗೆ ಎಲ್ಲ ಚೌಕಗಳಿಗೂ ಟಿಕ್ ಹಾಕಿ, ಪಾರ್ಕಿಂಗ್ ಜಾಗದಲ್ಲಿ ಮಳೆನೀರು ನಿಂತ ಹೊಂಡಕ್ಕೆ ಓಡುತ್ತಾರೆ. ಅಲ್ಲಿ ಬೋರ್ಡಿಲ್ಲ. ಒಂದು ಕಡ್ಡಿ ಸಿಕ್ಕಿದೆ. ಕಡ್ಡಿ ದೋಣಿಯಾಗಿ, ದೋಣಿ ಮುಳುಗಿ, ಮುಳುಗಿದ್ದಕ್ಕೆ ಯಾರು ಕಾರಣ ಅಂತ ಜಗಳ ಶುರುವಾಗಿ, ಮಧ್ಯಾಹ್ನ ಕಳೆದೇ ಹೋಗುತ್ತದೆ. ಇಡೀ ಯೋಜನೆಯಲ್ಲಿ ಯೋಜನೆಯಿಲ್ಲದೆ ಉಳಿದ ಜಾಗ ಅದೊಂದೇ.

ಗುಡ್ಡ ಹತ್ತುವುದನ್ನು ಕಚೇರಿ ವ್ಯವಹಾರ ಮಾಡುವ ಚಾಳಿ ಹೊಸದೇನಲ್ಲ. ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಎಂಬ ಬೆಟ್ಟ ಜಮೀನ್ದಾರರ ಬೇಟೆಗೆ ಮೀಸಲಾಗಿತ್ತು. 1932ರ ಏಪ್ರಿಲ್ 24ರಂದು ನೂರಾರು ಜನ ಬೇಕಂತಲೇ ಅದನ್ನು ಹತ್ತಿದರು. ಐವರು ಯುವಕರು ಜೈಲಿಗೆ ಹೋದರು. 1951ರಲ್ಲಿ ಅದೇ ಬೆಟ್ಟ ಸೇರಿದಂತೆ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಆ ಜಮೀನ್ದಾರಿ ಮನೆತನದ ಡ್ಯೂಕ್ ಬಹಿರಂಗವಾಗಿ ಕ್ಷಮೆ ಕೇಳಿದರು, ಬರೀ 70 ವರ್ಷಕ್ಕೆ! ಅಂದು ಜನ ಸೇರಿದ್ದ ಕಲ್ಲುಕ್ವಾರಿಯಲ್ಲಿ ಒಂದು ಸ್ಮಾರಕ ಫಲಕವಿದೆ. ಕ್ವಾರಿ ಈಗ ಏನಾಗಿದೆ ಅಂತೀರಿ? ಕಾರ್ ಪಾರ್ಕಿಂಗ್.

ಅಮೆರಿಕ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ಶುಲ್ಕವಿರುವ ರಾಷ್ಟ್ರೀಯ ಉದ್ಯಾನಗಳಿಗೆ ವರ್ಷದಲ್ಲಿ ಕೆಲವು ದಿನ ಆ ದೇಶದ ನಿವಾಸಿಗಳಿಗೆ ಪ್ರವೇಶ ಉಚಿತ. ಪ್ರವೇಶ ಮಾತ್ರ. ರಾತ್ರಿ ಡೇರೆ ಹಾಕಿದರೆ ಅದರ ಲೆಕ್ಕ ಬೇರೆ. 2026ರ ಪಟ್ಟಿಗೆ ಜೂನ್ 14 ಹೊಸದಾಗಿ ಸೇರಿತು. ಅದು ಧ್ವಜ ದಿನ, ಅಧ್ಯಕ್ಷ ಟ್ರಂಪ್ ಹುಟ್ಟುಹಬ್ಬವೂ ಹೌದು. ಮಾರ್ಟಿನ್ ಲೂಥರ್ ಕಿಂಗ್ ದಿನ ಪಟ್ಟಿಯಿಂದ ಹೊರಬಿತ್ತು. ಜಲಪಾತ ನೋಡಲು ಮಕ್ಕಳನ್ನು ಕರೆದೊಯ್ಯುವ ಮೊದಲು ಯಾರ ಜಾತಕ ನೋಡಬೇಕು ಅಂತಲೂ ತಿಳಿದಿರಬೇಕು, ಅಲ್ವಾ?

ಸ್ವೀಡನ್ನಿನವರಿಗೆ ಮಾತ್ರ ಇದೆಲ್ಲ ಮಾಡಲು ಬರುವುದಿಲ್ಲ, ಪಾಪ. ಅಲ್ಲಿ ಬೇರೆಯವರ ಕಾಡಿನಲ್ಲೂ ನಡೆಯಬಹುದು, ಒಂದು ರಾತ್ರಿ ಡೇರೆ ಹಾಕಬಹುದು, ಕಾಡುಹಣ್ಣು ಕಿತ್ತು ತಿನ್ನಬಹುದು. ಮನೆಯಂಗಳಕ್ಕೂ ಬೆಳೆಗೂ ಕಾಲಿಡಬಾರದು, ಅಷ್ಟೇ. ಈ ಹಕ್ಕಿನ ಉಲ್ಲೇಖ ಸಂವಿಧಾನದಲ್ಲೇ ಇದೆ. ಜನರಿಗೆ ಹೇಳಿಕೊಡುವ ನಿಯಮವೂ ಚಿಕ್ಕದು: ತೊಂದರೆ ಕೊಡಬೇಡಿ, ಹಾಳು ಮಾಡಬೇಡಿ. ಇಷ್ಟರಲ್ಲೇ ಮುಗಿಸಿಬಿಟ್ಟರೆ ಬೋರ್ಡಿನ ಗುತ್ತಿಗೆದಾರರು ಹೊಟ್ಟೆಗೇನು ಮಾಡಬೇಕು?

ನಮ್ಮ ಉಚಿತ ದಿನಕ್ಕೆ ವಾಪಸ್ ಬರೋಣ. ಹೊರಗೆ ಹೋಗುವ ದಾರಿ ಉಡುಗೊರೆ ಅಂಗಡಿಯ ಒಳಗಿಂದಲೇ, ಬೇರೆ ಬಾಗಿಲಿಲ್ಲ. ಎಸೆಯಬಾರದೆಂದು ಹೇಳಿದ್ದ ಅದೇ ಕಲ್ಲು ಇಲ್ಲಿ ಬಟ್ಟೆಯ ಚೀಲದಲ್ಲಿ ಮಾರಾಟಕ್ಕಿದೆ, ಮೇಲೆ ಬಣ್ಣದ ಲೇಬಲ್. ಅದನ್ನೂ ದಾಟಿದರೆ ಅಭಿಪ್ರಾಯದ ಫಾರಂ. ‘ನಿಮ್ಮ ಮಗುವಿಗೆ ಅತಿ ಹೆಚ್ಚು ಇಷ್ಟವಾದದ್ದು ಯಾವುದು?’ ಮಾಹಿತಿ ಕೇಂದ್ರ, ಚಟುವಟಿಕೆ ಹಾಳೆ, ಸೆಲ್ಫಿ ಚೌಕಟ್ಟು, ಇತರೆ. ಮುಗ್ಧ ತಂದೆತಾಯಂದಿರು ‘ಇತರೆ’ಯ ಮುಂದೆ ‘ಪಾರ್ಕಿಂಗ್‌ನ ಹೊಂಡ’ ಅಂತ ಬರೆದರು. ಅಧಿಕಾರಿಗಳು ಅದನ್ನು ದೂರು ಎಂದು ದಾಖಲಿಸಿಕೊಂಡು, ಹೊಂಡ ಮುಚ್ಚಲು ಟೆಂಡರ್ ಕರೆದಿದ್ದಾರೆ.