ಕೋಣೆಗೆ ಓಡಿಹೋಗುವ ಪರದೆ ನನಗೆ ಬೇಡ

ಟಿವಿಯಲ್ಲಿ ಧಾರಾವಾಹಿ ಶುರುವಾದ ಕೂಡಲೇ ಆಟವನ್ನು ಕೈಯಲ್ಲಿ ಹಿಡಿದುಕೊಂಡು ಕೋಣೆ ಸೇರಿಬಿಡಬಹುದು ಎಂಬ ಒಂದೇ ಕಾರಣಕ್ಕೆ ನನ್ನ ಗೆಳೆಯರ ಬಳಗದಲ್ಲಿ ಪ್ಲೇಸ್ಟೇಷನ್ ಪೋರ್ಟಲ್ ಕೊಳ್ಳುವವರು ಹೆಚ್ಚಾಗಿದ್ದಾರೆ. ಹಾಲ್‌ನಲ್ಲಿ ಟಿವಿಗೆ ಜೋಡಿಸಿರುವ ಸೋನಿಯ ಆಟದ ಕನ್ಸೋಲ್ ಪಿಎಸ್5ರ ಚಿತ್ರವನ್ನು ವೈಫೈ ಮೂಲಕ ಎಂಟು ಇಂಚಿನ ಪರದೆಗೆ ತರುವ ಯಂತ್ರ ಅದು. 2023ರಲ್ಲಿ ಹೊರಬಂದು ಮರುವರ್ಷ ಭಾರತಕ್ಕೆ ಬಂತು. ಯಂತ್ರದ ಬಗ್ಗೆ ನನಗೆ ದೂರಿಲ್ಲ. ಆದರೆ ಅದರಲ್ಲಿ ಕಾಣುವುದು ಟಿವಿಯಲ್ಲಿ ಕಾಣುತ್ತಿದ್ದದ್ದೇ, ಕೋಣೆ ಮಾತ್ರ ಬೇರೆ. ನನಗೆ ಬೇಕಾದದ್ದು ಬೇರೆ: ಕೈಯಲ್ಲೊಂದು ಪರದೆ, ಗೋಡೆಯ ಮೇಲೊಂದು, ಎರಡರಲ್ಲೂ ಬೇರೆ ಬೇರೆ ದೃಶ್ಯ, ಆಡುವವರೆಲ್ಲ ಒಂದೇ ಚಾಪೆಯ ಮೇಲೆ. ಆ ಬಗೆಯ ಆಟಗಳನ್ನು ದೊಡ್ಡ ಕಂಪನಿಗಳು ಕೈಬಿಟ್ಟವಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ.

ಇಸ್ಪೀಟಿನ ರುಚಿ ಇರುವುದು ನನ್ನ ಎಲೆ ನಿನಗೆ ಕಾಣದಿರುವುದರಲ್ಲಿ. ಒಂದೇ ಟಿವಿಯನ್ನು ನಾಲ್ವರು ನೋಡುತ್ತಿದ್ದರೆ ಮುಚ್ಚಿಡಲು ಏನೂ ಉಳಿಯುವುದಿಲ್ಲ. ನಿಂಟೆಂಡೊ ಇದನ್ನು 2003ರಲ್ಲೇ ಅರಿತಿತ್ತು. ‘ಪ್ಯಾಕ್‌ಮ್ಯಾನ್ ವರ್ಸಸ್’ ಆಟದಲ್ಲಿ ಗೇಮ್‌ಬಾಯ್ ಅಡ್ವಾನ್ಸ್ ಎಂಬ ಕೈಯಂತ್ರ ಹಿಡಿದು ಪ್ಯಾಕ್‌ಮ್ಯಾನ್ ಆದವನಿಗೆ ಇಡೀ ಚಕ್ರವ್ಯೂಹ ಕಾಣುತ್ತಿತ್ತು. ಟಿವಿ ನೋಡುತ್ತಾ ಬೆನ್ನಟ್ಟುವ ದೆವ್ವಗಳಿಗೆ ತಮ್ಮ ಸುತ್ತಲಿನ ಚೂರಷ್ಟೇ. ಅವನನ್ನು ಹಿಡಿದ ದೆವ್ವವೇ ಮುಂದಿನ ಪ್ಯಾಕ್‌ಮ್ಯಾನ್, ಗೇಮ್‌ಬಾಯ್ ಅದರ ಕೈಗೆ. ಆಗ ಇದಕ್ಕೆಲ್ಲ ಕೇಬಲ್ ಬೇಕಿತ್ತು. 2006ರ ‘ಪೊಕೆಮಾನ್ ಬ್ಯಾಟಲ್ ರೆವಲ್ಯೂಷನ್’ ಹೊತ್ತಿಗೆ ನಿಂಟೆಂಡೊದ ಕೈಯಂತ್ರ ಡಿಎಸ್, ವೈರ್ ಇಲ್ಲದೆಯೇ ಅದರ ಟಿವಿ ಕನ್ಸೋಲ್ ವೀ ಜೊತೆ ಮಾತಾಡತೊಡಗಿತ್ತು.

2012ರ ವೀ ಯು ಇದನ್ನೇ ನಂಬಿ ಹುಟ್ಟಿದ ಯಂತ್ರ. ಜಯನಗರದ ಗೆಳೆಯನ ಮನೆಯಲ್ಲಿ, ಅವನ ಅಕ್ಕ ಅಮೆರಿಕದಿಂದ ತಂದ ವೀ ಯುನಲ್ಲಿ ‘ನಿಂಟೆಂಡೊ ಲ್ಯಾಂಡ್’ನ ದೆವ್ವದ ಬಂಗಲೆಯನ್ನು ಆಡಿದ್ದೇವೆ. ದೆವ್ವವಾದವನಿಗೆ ಗೇಮ್‌ಪ್ಯಾಡ್ ಎಂಬ ಕೈ ಕಂಟ್ರೋಲರ್‌ನ 6.2 ಇಂಚಿನ ಪರದೆಯಲ್ಲಿ ಎಲ್ಲರೂ ಕಾಣುತ್ತಾರೆ, ಟಿವಿಯಲ್ಲಿ ದೆವ್ವ ಮಾತ್ರ ಇಲ್ಲ. ಅದು ಹತ್ತಿರ ಸುಳಿದರೆ ನಿಮ್ಮ ಕೈಯ ರಿಮೋಟ್ ನಡುಗುತ್ತದೆ. ಟಾರ್ಚ್ ಬೀಸಬೇಕು, ಆದರೆ ಬ್ಯಾಟರಿ ಇಳಿಯುತ್ತಿರುತ್ತದೆ. "ನನ್ನದು ನಡುಗುತ್ತಿದೆ, ಬನ್ನಿ ಬನ್ನಿ" ಎಂದು ಕೂಗುವವನನ್ನು ನಂಬಿ ಮೂವರೂ ಅತ್ತ ಓಡಿದರೆ ದೆವ್ವ ಇತ್ತ ಒಬ್ಬನನ್ನು ಎಳೆದುಕೊಂಡು ಹೋಗಿರುತ್ತದೆ. ಆಟ ಗೊತ್ತಿಲ್ಲದ ಗೆಳೆಯನ ಅಮ್ಮ ದೆವ್ವವಾಡಿದ ಸರದಿಯಲ್ಲಿ ನಾವ್ಯಾರೂ ಉಳಿಯಲಿಲ್ಲ. ಅವರ ಮುಖದಲ್ಲಿ ಸುಳಿವೇ ಸಿಗುತ್ತಿರಲಿಲ್ಲ.

ವೀ ಯು ಸೋತಿತು ನಿಜ. ಒಟ್ಟು ಮಾರಾಟ ಸುಮಾರು 1.36 ಕೋಟಿ, 2017ರಲ್ಲಿ ತಯಾರಿಕೆಯೂ ನಿಂತಿತು. ಆದರೆ ಸೋತದ್ದಕ್ಕೆ ಈ ಕಲ್ಪನೆಯನ್ನು ದೂರುವುದು ಅನ್ಯಾಯ. ಹೆಚ್ಚಿನ ಆಟಗಳು ಆ ಪರದೆಯನ್ನು ನಕ್ಷೆ ತೋರಿಸಲಿಕ್ಕೋ ಟಿವಿಯ ಚಿತ್ರವನ್ನೇ ಮತ್ತೆ ತೋರಿಸಲಿಕ್ಕೋ ಬಳಸಿ ಕೈತೊಳೆದುಕೊಂಡವು.

ತಾಂತ್ರಿಕವಾಗಿಯೂ ವೀ ಯು ಇಂದಿನದಕ್ಕಿಂತ ಜಾಣತನದ್ದು. ಗೇಮ್‌ಪ್ಯಾಡ್ ಮನೆಯ ರೂಟರನ್ನು ಕೇಳದೆ, 5 ಗಿಗಾಹರ್ಟ್ಸ್‌ನಲ್ಲಿ ನೇರವಾಗಿ ಕನ್ಸೋಲ್ ಜೊತೆ ಸಂಪರ್ಕ ಸಾಧಿಸುತ್ತಿತ್ತು. ಪೋರ್ಟಲ್‌ನಲ್ಲಿ ಆಡುವಾಗ ಸಾಮಾನ್ಯವಾಗಿ ರೂಟರ್ ನಡುವೆ ಬರುತ್ತದೆ. ಕನ್ಸೋಲ್ ಕೂಡ ವೈಫೈನಲ್ಲಿದ್ದರೆ ಚಿತ್ರ ಗಾಳಿಯಲ್ಲಿ ಎರಡು ಬಾರಿ ಪಯಣಿಸಬೇಕು. ಸೆಕೆಂಡಿಗೆ 60 ಚಿತ್ರ ಎಂದರೆ ಒಂದಕ್ಕೆ ಸಿಗುವ ಸಮಯ 17 ಮಿಲಿಸೆಕೆಂಡಿಗಿಂತ ಕಡಿಮೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮೇಲೆ, ಕೆಳಗೆ, ಪಕ್ಕದಲ್ಲಿ ಎಲ್ಲರ ರೂಟರ್‌ಗಳೂ 2.4 ಗಿಗಾಹರ್ಟ್ಸ್‌ನ, ಒಂದರ ಮೇಲೊಂದು ಬೀಳದ ಮೂರೇ ಚಾನೆಲ್‌ಗಳಿಗಾಗಿ ಕಿತ್ತಾಡುತ್ತಿರುತ್ತವೆ. ನಮ್ಮ ಮನೆಗೆ ಇಂಟರ್‌ನೆಟ್ ಹಾಕಲು ಬಂದವರು ರೂಟರನ್ನು ಮುಂಬಾಗಿಲ ಮೇಲೆ, ಚಪ್ಪಲಿ ಗೂಡಿನ ನೆತ್ತಿಯಲ್ಲಿ ಮೊಳೆ ಹೊಡೆದು ಹೋದರು. ಮಲಗುವ ಕೋಣೆಗೂ ಅದಕ್ಕೂ ನಡುವೆ ಎರಡು ಗೋಡೆ. ಪೋರ್ಟಲ್ ಕೊಂಡವರಿಗೆ ನನ್ನ ಸಲಹೆ ಇಷ್ಟೇ: ಪಿಎಸ್5ಕ್ಕೆ ಲ್ಯಾನ್ ಕೇಬಲ್ ಎಳೆಯಿರಿ, ಪೋರ್ಟಲನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಕರೆಂಟ್ ಹೋದಾಗ ಮಾತ್ರ ನಾನು ಏನೂ ಮಾಡಲಾರೆ. ಪೋರ್ಟಲ್‌ನಲ್ಲಿ ಬ್ಯಾಟರಿ ಇರುತ್ತದೆ, ಚಿತ್ರ ಕಳಿಸಬೇಕಾದ ಕನ್ಸೋಲ್ ಆರಿಹೋಗಿರುತ್ತದೆ.

ಈಗ ದುಬಾರಿ ಗೇಮ್‌ಪ್ಯಾಡ್ ಬೇಕಾಗಿಯೂ ಇಲ್ಲ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಸೋನಿ 2017ರಲ್ಲಿ ಪ್ಲೇಲಿಂಕ್ ಎಂದು ಮೊಬೈಲನ್ನೇ ಕಂಟ್ರೋಲರ್ ಮಾಡಿ ನೋಡಿತು, ಬೇಗ ಮರೆತೂಬಿಟ್ಟಿತು. ಬೆಂಗಳೂರಿನಲ್ಲಿ ಆಟ ತಯಾರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಎಲೆಗಳು ಮೊಬೈಲಿನಲ್ಲಿ, ಕಣ ಟಿವಿಯಲ್ಲಿ, ಕೂಗಾಟ ಕನ್ನಡದಲ್ಲಿ ನಡೆಯುವ ಒಂದು ಆಟವನ್ನು ಯಾರಾದರೂ ಮಾಡಿ. ದೀಪಾವಳಿಗೆ ಊರಿನಿಂದ ನೆಂಟರು ಬರುವುದರೊಳಗೆ ಸಿಕ್ಕಿದರೆ ಮೊದಲ ಗಿರಾಕಿ ನಾನೇ.