ಮಗುವಿಗೆ ಹೊಗೆ, ಪ್ಯೂರಿಫೈಯರ್‌ಗೆ ರಜೆ

ನಿನ್ನೆ ಚಿಕ್ಕಮ್ಮನ ಮನೆಗೆ ಬಾಣಂತಿ ತಂಗಿಯನ್ನು ನೋಡಲು ಹೋಗಿದ್ದೆ. ಅಲ್ಲಿ ಬಾಯಿ ಮುಚ್ಚಿಕೊಂಡು ಬಂದಿದ್ದೇನೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಏಳನೇ ಮಹಡಿಯ ಫ್ಲಾಟು. ಕೂಸಿಗೆ 32 ದಿನ. ಎಣ್ಣೆ ಹಚ್ಚಿ, ನೀರು ಹಾಕಿ, ಕುಲಾವಿ ಕಟ್ಟಿ ಮುಗಿಸಿದ್ದರು. ಶೀತ ಆಗಬಾರದು ಅಂತ ಕಿಟಕಿ ಬಂದ್, ಬಾಗಿಲು ಬಂದ್, ಬಾಗಿಲ ಸಂದಿಗೆ ಹಳೇ ಟವೆಲ್ ಬೇರೆ. ಅಷ್ಟರಲ್ಲಿ ಚಿಕ್ಕಮ್ಮ ಕೆಂಡದ ಮೇಲೆ ಸಾಂಬ್ರಾಣಿ ಪುಡಿ ಉದುರಿಸಿಕೊಂಡು ಬಂದರು. ಕೂಸನ್ನು ಹೊಗೆಯ ಮೇಲೆ ಹಿಡಿದು ಆಚೆ ಒಂದು ಸಲ, ಈಚೆ ಒಂದು ಸಲ ಮಾಡಿದರು. ದೋಸೆ ಮಗುಚಿದ ಹಾಗೆ.

ಮೂಲೆಯಲ್ಲಿದ್ದ ಏರ್ ಪ್ಯೂರಿಫೈಯರ್ ಬೆಚ್ಚಿಬಿದ್ದು ಗುಂಯ್ ಅನ್ನತೊಡಗಿತು. ರಸ್ತೆ ಅಗೆದಿದ್ದಾರೆ, ಧೂಳು ಬರುತ್ತೆ ಅಂತ ಅಳಿಯ ತಂದಿಟ್ಟದ್ದು. ಹಸಿರು ದೀಪ ಕೆಂಪಾಯಿತು. ಗಾಳಿಯಲ್ಲಿ ಸಣ್ಣ ಕಣ ಎಷ್ಟಿದೆ ಅಂತ ತೋರಿಸುವ ಅಂಕಿ 28 ಇದ್ದದ್ದು 400 ದಾಟಿತು. ಚಿಕ್ಕಪ್ಪ ಥಟ್ಟನೆ ಎದ್ದು ಹೋದರು. ಸದ್ಯ, ಕಿಟಕಿ ತೆಗೆಯುತ್ತಾರೆ ಅಂದುಕೊಂಡೆ.

ಪ್ಯೂರಿಫೈಯರ್ ಆಫ್ ಮಾಡಿದರು! ಸದ್ದಿಗೆ ಮಗುವಿನ ನಿದ್ದೆ ಕೆಡುತ್ತಂತೆ.

"ಚಿಕ್ಕಮ್ಮ, ಕಿಟಕಿನಾದ್ರೂ ತೆಗೀರಿ" ಅಂದೆ. "ನಿಮ್ಮನ್ನೆಲ್ಲ ಹೀಗೇ ಸಾಕಿದ್ದು ಕಣೇ. ಏನಾಯ್ತು ನಿಮಗೆ?" ಅಂದರು.

ಏನಾಯ್ತಾ? ನನ್ನ ತಮ್ಮ ಪ್ರತಿ ಚಳಿಗಾಲವೂ ಗೊರಗೊರ ಅನ್ನುತ್ತಿದ್ದ. "ಅವನದು ಕಫದ ಶರೀರ" ಅಂತ ಬಿಟ್ಟುಬಿಟ್ಟರು. ಅಜ್ಜಿ ಊದುಕೊಳವೆ ಹಿಡಿದು ಕೆಮ್ಮುತ್ತಲೇ ಮುದುಕಿಯಾದಳು. ಅದಕ್ಕೆ ವಯಸ್ಸು ಅಂತ ಹೆಸರಿಟ್ಟೆವು. ಮತ್ತೆ, ಆ ಮನೆಗೆ ಹೆಂಚಿನ ಸಂದಿ ಇತ್ತು, ಗವಾಕ್ಷಿ ಇತ್ತು. ಹೊಗೆಗೂ ಒಂದು ದಾರಿ ಇತ್ತು. 80ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅದೇ ಟಾಟಾ ಇನ್‌ಸ್ಟಿಟ್ಯೂಟ್‌ನವರ ಅಸ್ತ್ರ ಸೌದೆ ಒಲೆ ಹಳ್ಳಿಹಳ್ಳಿಗೆ ಬಂತಲ್ಲ, ಅದಕ್ಕೊಂದು ಚಿಮಣಿ ಇತ್ತು. ಹೊಗೆ ಮನೆಯಿಂದ ಆಚೆ ಹೋಗಲಿ ಅಂತಲೇ. ಆಮೇಲೆ ಗ್ಯಾಸ್ ಬಂತು. ಅಷ್ಟು ವರ್ಷ ಒದ್ದಾಡಿ ಅಡುಗೆಮನೆಯಿಂದ ಓಡಿಸಿದ ಹೊಗೆಯನ್ನು ಈಗ ತೊಟ್ಟಿಲ ಪಕ್ಕಕ್ಕೆ ಕರೆತಂದು, ಹೋಗದಿರಲಿ ಅಂತ ಬಾಗಿಲಿಗೆ ಟವೆಲ್ ಇಡುತ್ತಿದ್ದೇವೆ.

ಹೊಗೆಯಲ್ಲಿರುವ ಸಣ್ಣ ಕಣಗಳಿಗೆ, ಅದೇ ಪಿಎಂ 2.5ಗೆ, ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 15 ಅನ್ನುತ್ತದೆ. ಅದು ಇಡೀ ದಿನದ ಸರಾಸರಿ, ಹತ್ತು ನಿಮಿಷದ್ದಲ್ಲ, ಗೊತ್ತು ಮಾರಾಯ್ರೇ. ಆದರೆ ಕಿಟಕಿ ಮುಚ್ಚಿದ ಕೋಣೆಯ ಹೊಗೆ ಕಾಫಿ ಕುಡಿದು ಎದ್ದು ಹೋಗುವ ನೆಂಟರಲ್ಲ. ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ, ಕೂಸು 40 ಸಲದ ಆಸುಪಾಸು. ಅದರ ಉಸಿರಿನ ಕೊಳವೆ ಎಷ್ಟು ಸಣ್ಣದು ಅಂದರೆ, ಚೂರು ಊದಿಕೊಂಡರೂ ಕಟ್ಟಿಕೊಳ್ಳುತ್ತದೆ. ಇನ್ನು ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಸಾಂಬ್ರಾಣಿಯ ಘಮ ಮಾತ್ರ ನಮಗೆ ಗೊತ್ತಾಗುವುದು.

"ಸೊಳ್ಳೆನಾದ್ರೂ ಹೋಗುತ್ತಲ್ಲ, ಡೆಂಗೀ ಬಂದ್ರೆ?" ಅಂದರು ಚಿಕ್ಕಪ್ಪ. ಡೆಂಗೀ ಭಯ ಸುಳ್ಳಲ್ಲ. ಆದರೆ ಆ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ಇವರು ಸಾಂಬ್ರಾಣಿ ಸಾಲದು ಅಂತ ಸೊಳ್ಳೆ ಬತ್ತಿಯನ್ನೂ ಹಚ್ಚುತ್ತಾರೆ, ಅದೂ ರಾತ್ರಿ. ಎರಡು ಹೊತ್ತಿಗೂ ಸೊಳ್ಳೆ ಪರದೆ ಸಾಕು. ಪರದೆ ಕಟ್ಟಿದರೆ ರೂಮಿನ ಅಂದ ಹಾಳಾಗುತ್ತಂತೆ.

ಸೊಳ್ಳೆ ಬತ್ತಿಯ ಬಗ್ಗೆ ಇಷ್ಟು ಜೋರಾಗಿ ಮಾತಾಡಲು ನನಗೆ ನಾಚಿಕೆ ಆಗಬೇಕು. ನನ್ನ ಮಗಳಿಗೆ ಉಬ್ಬಸ ಇತ್ತು, ಔಷಧಿಯನ್ನು ಮಂಜಿನ ಹಾಗೆ ಮಾಡಿ ಮಾಸ್ಕಿನಲ್ಲಿ ಉಸಿರಾಡಿಸುವ ನೆಬುಲೈಸರ್ ಮನೆಯಲ್ಲೇ ಇತ್ತು. ಯಾರಿಗೂ ಹೇಳದೇ ಇದ್ದದ್ದು ಒಂದಿದೆ. ಮಗಳಿಗೆ ಮೂರು ವರ್ಷ ಆಗ. ರಾತ್ರಿ ಎರಡಕ್ಕೆ ಮಾಸ್ಕ್ ಹಿಡಿದು ಕೂತು ಕೂತು ಸಾಕಾಗಿತ್ತು. ಡಾಕ್ಟರು "ಮನೆಯಲ್ಲಿ ಏನು ಉರಿಸ್ತೀರಿ?" ಅಂದರು. "ಏನೂ ಇಲ್ಲ ಸರ್, ಗ್ಯಾಸ್ ಒಲೆ" ಅಂದೆ, ಹೆಮ್ಮೆಯಿಂದ. "ಸೊಳ್ಳೆ ಬತ್ತಿ?" ಅಂದರು.

ಪ್ರತಿ ರಾತ್ರಿ, ಅವಳ ಮಂಚದ ಕೆಳಗೇ ಇಡುತ್ತಿದ್ದೆ. ನಾನೇ, ನನ್ನ ಕೈಯಾರೆ.

ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಅಂತ 2003ರಲ್ಲೇ ಒಂದು ಅಧ್ಯಯನ ಹೇಳಿತ್ತು. ಬಸ್‌ಸ್ಟಾಪಿನಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಸೆರಗು ಮೂಗಿಗೆ ಹಿಡಿಯುವವಳು ನಾನು! ಬತ್ತಿ ಬಿಟ್ಟ ಮರುದಿನವೇ ಅವಳ ಉಬ್ಬಸ ಮಾಯವಾಗಲಿಲ್ಲ. ಆದರೆ ಆ ಮಳೆಗಾಲ ನೆಬುಲೈಸರ್ ಕಪಾಟಿನಿಂದ ಕೆಳಗಿಳಿದದ್ದು ಎರಡೇ ಸಲ.

ಈಗ "ಇದು ನಮ್ಮ ಸಂಪ್ರದಾಯ" ಅಂತ ಕಾಮೆಂಟ್ ಹಾಕಲು ಕೈ ತುರಿಸುತ್ತಿರುವವರಿಗೆ: ದೇವರ ಮನೆಯಲ್ಲಿ ಧೂಪ ಹಾಕಿ, ಕಿಟಕಿ ತೆಗೆಯಿರಿ, ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಯಾವ ದೇವರೂ ಕೂಸಿನ ಮೂಗಿಗೇ ಹೊಗೆ ಬೇಕು ಅಂತ ಹಟ ಹಿಡಿದಿಲ್ಲ.

ತಂಗಿ ಇದನ್ನು ಓದುತ್ತಾಳೆ ಅಂತ ಗೊತ್ತು. ಓದಿ ಬೇಜಾರು ಮಾಡಿಕೊಳ್ಳೇ, ಪರವಾಗಿಲ್ಲ. ಸೊಳ್ಳೆ ಪರದೆ ತಗೊಂಡು ಭಾನುವಾರ ಬರ್ತೀನಿ. ಅಷ್ಟರೊಳಗೆ ಆ ಪ್ಯೂರಿಫೈಯರ್ ಸ್ವಿಚ್ ಹಾಕ್ಕೋ. ಟವೆಲ್ಲೂ ತೆಗಿ.